ಒಂದು ಸಾಲು ರಜೆ, ಐದು ದಿನದ ಊಟ

ಹಾಸ್ಟೆಲ್ ಮೆಸ್‌ನ ಟೇಬಲ್‌ನಲ್ಲಿ ಒಂದು ಸಾಲು ಅಂದುಕೊಳ್ಳಿ: ರೂಮ್ 214, ರಜೆ ಅಕ್ಟೋಬರ್ 10ರಿಂದ 14. ಅಡುಗೆಯವರ ಪ್ರಶ್ನೆ ಬೇರೆ: 12ನೇ ತಾರೀಕು ಎಷ್ಟು ಜನ ಊಟಕ್ಕಿಲ್ಲ? ಇದಕ್ಕೆ ಉತ್ತರ ಬೇಕಾದ್ರೆ ಆ ಒಂದು ಸಾಲು ಐದಾಗಬೇಕು, ದಿನಕ್ಕೊಂದು.

ಪೋಸ್ಟ್‌ಗ್ರೆಸ್ ಇದ್ರೆ ಸಲೀಸು. ಜನರೇಟ್ ಸೀರೀಸ್ ಅನ್ನೋ ಫಂಕ್ಷನ್‌ಗೆ ಶುರು, ಕೊನೆ, ಒಂದು ದಿನದ ಅಂತರ ಕೊಟ್ಟು ಟೇಬಲ್ ಜೊತೆ ಕ್ರಾಸ್ ಜಾಯಿನ್ ಮಾಡಿ. ತಾರೀಕಿನ ಮೇಲೆ ಗ್ರೂಪ್ ಬೈ, ಕೌಂಟ್. ಮುಗೀತು.

ಮೈಎಸ್‌ಕ್ಯೂಎಲ್‌ನಲ್ಲಿ ಅದಿಲ್ಲ, 8.0ರಿಂದ ರಿಕರ್ಸಿವ್ ಸಿಟಿಇ ಇದೆ. ಅದರ ಮೊದಲ ಭಾಗ ರಜೆಯ ಮೊದಲ ದಿನವನ್ನು ಎತ್ತಿಕೊಳ್ಳುತ್ತೆ. ಎರಡನೇ ಭಾಗ ಪ್ರತಿ ಸುತ್ತಿನಲ್ಲೂ ಹಿಂದಿನ ತಾರೀಕಿಗೆ ಒಂದು ದಿನ ಕೂಡಿಸುತ್ತೆ, ಆ ತಾರೀಕು ಕೊನೆಯ ದಿನಕ್ಕಿಂತ ಚಿಕ್ಕದಾಗಿರುವವರೆಗೆ. ನಾವೆಲ್ಲ ಎಡವೋದು ಇಲ್ಲೇ. 'ಚಿಕ್ಕದು' ಬದಲು 'ಚಿಕ್ಕದು ಅಥವಾ ಸಮ' ಅಂತ ಹಾಕಿದ್ರೆ 14ಕ್ಕೂ ಒಂದು ಕೂಡಿ 15 ಹುಟ್ಟುತ್ತೆ. ಊರಿಂದ ವಾಪಸ್ ಬಂದವನಿಗೆ ಅವತ್ತು ಊಟ ಇಲ್ಲ!

ಸುತ್ತುಗಳ ಮಿತಿ ಮಾಮೂಲಾಗಿ 1000. ನೂರಾರು ಹುಡುಗರಿದ್ರೂ ಹೆದರಬೇಡಿ, ಒಂದೊಂದು ಸುತ್ತಿನಲ್ಲಿ ಎಲ್ಲರ ಸಾಲೂ ಒಟ್ಟಿಗೆ ಮುಂದೆ ಹೋಗುತ್ತೆ. ಲೆಕ್ಕಕ್ಕೆ ಬರೋದು ಅತಿ ಉದ್ದದ ರಜೆ ಮಾತ್ರ.

ನಿಜವಾದ ಕಳ್ಳ ಅಂದ್ರೆ ನಲ್. ವಾಪಸ್ ಬರೋ ದಿನ ತುಂಬದೇ ಹೋದವನಿಗೆ ಪೋಸ್ಟ್‌ಗ್ರೆಸ್ ಎರರ್ ಕೊಡಲ್ಲ, ಸೊನ್ನೆ ಸಾಲು ಕೊಡುತ್ತೆ. ರಜೆಯೇ ಮಾಯ, ಮೆಸ್ ಬಿಲ್ ಪೂರ್ತಿ. ಮೇಲಿನ ಸಿಟಿಇಯಲ್ಲಾದ್ರೆ ಮೊದಲ ದಿನವೊಂದೇ ಉಳಿಯುತ್ತೆ. ಎರಡಕ್ಕೂ ಮದ್ದು ಒಂದೇ: ಕೊನೆಯ ದಿನದ ಜಾಗದಲ್ಲಿ ಕೋಅಲೆಸ್ ಹಾಕಿ, ನಲ್ ಇದ್ದರೆ ಇವತ್ತಿನ ತಾರೀಕು ಕೊಡಿ.