ಒಂದು ತಂತಿ ಹರಿದರೆ ಎಲ್ಲದರ ಶ್ರುತಿ ಏಕೆ ಕೆಡುತ್ತದೆ?

ಪ್ರಶ್ನೆ: ಜಾತ್ರೆಯ ರಸಮಂಜರಿಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಒಂದು ತಂತಿ ಹರಿದರೆ ಉಳಿದ ಐದರ ಶ್ರುತಿಯೂ ಕೆಡುತ್ತದೆ. ಏಕೆ? ಟ್ರೆಮೊಲೊ ಬ್ರಿಡ್ಜ್ ಅಲುಗದಂತೆ ಮಾಡಬಹುದೇ?
– ಓದುಗರೊಬ್ಬರು, ಚಿಕ್ಕಪಡಸಲಗಿ, ಜಮಖಂಡಿ ತಾಲ್ಲೂಕು

ಉತ್ತರ: ಖಂಡಿತ ಮಾಡಬಹುದು. 1954ರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರಿನೊಂದಿಗೆ ಬಂದ ಈ ಬಗೆಯ ಬ್ರಿಡ್ಜ್ ಕೆಲಸ ಮಾಡುವುದು ಹಗ್ಗ ಜಗ್ಗುವ ಆಟದಂತೆ. ಒಂದು ಕಡೆ ಆರು ತಂತಿಗಳು ಜಗ್ಗುತ್ತವೆ. ಗಿಟಾರಿನ ಬೆನ್ನಿನ ಗೂಡಿನಲ್ಲಿರುವ ಸ್ಪ್ರಿಂಗುಗಳು ಎದುರಾಗಿ ಜಗ್ಗುತ್ತವೆ. ಬಲ ಸಮವಾದಾಗ ಬ್ರಿಡ್ಜ್ ನಡುವೆ ನಿಲ್ಲುತ್ತದೆ. ತಂತಿ ಹರಿದರೆ ಒಂದು ಕಡೆಯ ಆಳು ಕೈಬಿಟ್ಟಂತೆ. ಸ್ಪ್ರಿಂಗುಗಳು ಗೆದ್ದು ಬ್ರಿಡ್ಜ್ ಹಿಂದಕ್ಕೆ ವಾಲುತ್ತದೆ. ಉಳಿದ ತಂತಿಗಳು ಬಿಗಿದು ಶ್ರುತಿ ಏರುತ್ತದೆ.

ಆದ್ದರಿಂದ ಬ್ರಿಡ್ಜ್ ಮೊದಲೇ ಗಿಟಾರಿನ ಮೈಗೆ ಒತ್ತಿ ಕೂರುವಷ್ಟು ಸ್ಪ್ರಿಂಗುಗಳ ಬಲ ಹೆಚ್ಚಿಸಬೇಕು. ತಂತಿಗಳನ್ನು ಸಡಿಲಿಸಿ, ಬೆನ್ನಿನ ಮುಚ್ಚಳ ತೆಗೆದು, ಐದೂ ಸ್ಪ್ರಿಂಗುಗಳನ್ನು ಹಾಕಿ. ಅವನ್ನು ಹಿಡಿದ ಕೊಂಡಿಯ ಎರಡು ಸ್ಕ್ರೂಗಳನ್ನು ಸಮವಾಗಿ ಬಿಗಿಯಿರಿ. ಮತ್ತೆ ಶ್ರುತಿ ಮಾಡಿದಾಗ ಬ್ರಿಡ್ಜಿನ ತಗಡು ಗಿಟಾರಿನ ಮೈಗೆ ಪೂರ್ತಿ ಅಂಟಿ ಕೂರಬೇಕು. ಎದ್ದರೆ ಸ್ಕ್ರೂ ಇನ್ನಷ್ಟು ಬಿಗಿಯಿರಿ. ಹೀಗೆ ಕೂತ ಬ್ರಿಡ್ಜ್ ಇನ್ನು ಹಿಂದಕ್ಕೆ ವಾಲಲಾರದು. ತಂತಿ ಹರಿದರೂ ಉಳಿದವು ಶ್ರುತಿಯಲ್ಲೇ ಇರುತ್ತವೆ, ಹಾಡು ನಿಲ್ಲಿಸಬೇಕಿಲ್ಲ.

ಮುಂದಕ್ಕೂ ಅಲುಗಬಾರದೆಂದರೆ, ಬ್ರಿಡ್ಜಿನಿಂದ ಗೂಡಿನೊಳಗೆ ಇಳಿದ ಲೋಹದ ದಿಮ್ಮಿಗೂ ಗಿಟಾರಿನ ಬುಡದ ಕಡೆಯ ಗೋಡೆಗೂ ನಡುವೆ ಅಳತೆಗೆ ಕೊಯ್ದ ಸಾಗವಾನಿ ತುಂಡನ್ನು ಬಿಗಿಯಾಗಿ ಕೂರಿಸಿ. ಖ್ಯಾತ ವಾದಕ ಎರಿಕ್ ಕ್ಲಾಪ್ಟನ್ ಗಿಟಾರಿನಲ್ಲೂ ಮರದ ತುಂಡೇ ಬ್ರಿಡ್ಜನ್ನು ತಡೆಯುತ್ತದೆ. ಅಂಟು ಹಾಕಬೇಡಿ, ಬೇಕೆಂದಾಗ ತೆಗೆಯಬಹುದು. ಬ್ರಿಡ್ಜ್ ತಗ್ಗಿದ್ದರಿಂದ ತಂತಿಗಳೂ ತಗ್ಗಿರುತ್ತವೆ. ಕೊನೆಯಲ್ಲಿ ಅವುಗಳ ಎತ್ತರ ಸರಿಪಡಿಸಿ.