ಕೊರವ ಮೀನಿನ ಕಾವಲು

ಮಕ್ಕಳೇ, ನಿಮ್ಮ ಊರಿನ ಕೆರೆ ಯಾವ ತಿಂಗಳಿನಲ್ಲಿ ತುಂಬುತ್ತದೆ? ಮಲೆನಾಡಿನ ಮಕ್ಕಳನ್ನು ಕೇಳಿದರೆ ಆಷಾಢ, ಶ್ರಾವಣ ಎನ್ನುತ್ತಾರೆ. ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಾವು ಹಾಗೆ ಹೇಳಲಾರೆವು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳಲ್ಲಿಯೇ ಮಳೆ ಸುರಿಸಿ, ಹಗುರಾಗಿ ನಮ್ಮ ಕಡೆಗೆ ಬರುತ್ತವೆ. ಬಂಗಾಳ ಕೊಲ್ಲಿಯೂ ನಮಗೆ ದೂರ. ಆದ್ದರಿಂದ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಮಾತ್ರ ಬೀಳುತ್ತದೆ. ಅದರಲ್ಲಿಯೂ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು ನಮ್ಮ ರೈತರು ಕಾಯುವುದು ಇದಕ್ಕಾಗಿಯೇ. ಶರದೃತು ಬಂದಾಗ ನಮ್ಮ ಕೆರೆಗಳಿಗೆ ಜೀವ ಬರುತ್ತದೆ.

ನಮ್ಮ ಕಡೆಯ ನದಿಗಳು ಕರ್ನಾಟಕದಿಂದ ಹರಿದು ಬರುತ್ತವೆ. ಪೆನ್ನಾ ನದಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹಿಂದೂಪುರದ ಕಡೆಗೆ ಬರುತ್ತದೆ. ವೇದಾವತಿ ನದಿ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ, ಹಿರಿಯೂರಿನ ಹತ್ತಿರದ ವಾಣಿ ವಿಲಾಸ ಸಾಗರವನ್ನು ದಾಟಿ, ಕಲ್ಯಾಣದುರ್ಗದ ಕಡೆಯ ಭೈರವಾನಿತಿಪ್ಪ ಜಲಾಶಯಕ್ಕೆ ಬರುತ್ತದೆ. ವಾಣಿ ವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನಮ್ಮ ಸೀಮೆಯಲ್ಲಿ ನೀರು ಎಷ್ಟು ಅಪರೂಪವೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮೀನುಗಳ ಗತಿ ಏನು? ಮೀನುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಿವಿರುಗಳ ಮೂಲಕ ಪಡೆಯುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಅನೇಕ ಮೀನುಗಳು ಸಾಯುತ್ತವೆ. ಆದರೆ ಕೊರವ ಮೀನು ಸುಲಭವಾಗಿ ಸಾಯುವುದಿಲ್ಲ. ನಮ್ಮ ತೆಲುಗು ನೆರೆಯವರು ಇದನ್ನು ಕೊರ್ರಮೀನು ಎನ್ನುತ್ತಾರೆ. ನೆರೆಯ ತೆಲಂಗಾಣಕ್ಕೆ ಇದು ರಾಜ್ಯದ ಮೀನು.

ಕೊರವನ ತಲೆ ಹಾವಿನ ತಲೆಯಂತೆ ಚಪ್ಪಟೆ. ಮೈ ಕಪ್ಪು. ಕಿವಿರಿನ ಮೇಲ್ಭಾಗದಲ್ಲಿ ಇದಕ್ಕೆ ಇನ್ನೊಂದು ಉಸಿರಾಟದ ಅಂಗವಿದೆ. ಆಗಾಗ ನೀರಿನ ಮೇಲೆ ಬಂದು ಗಾಳಿಯನ್ನು ನುಂಗಿ ಕೆಳಗೆ ಹೋಗುತ್ತದೆ. ಕೆರೆ ಬತ್ತಿದಾಗ ಒದ್ದೆ ಕೆಸರಿನಲ್ಲಿ ಹುದುಗಿ, ಮಳೆಯನ್ನು ಕಾಯುತ್ತದೆ. ಸಂತೆಯಲ್ಲಿ ಸ್ವಲ್ಪವೇ ನೀರಿರುವ ಬೋಗುಣಿಯಲ್ಲಿ ಕೊರವ ಬದುಕಿರುವುದನ್ನು ನೀವು ನೋಡಿರಬಹುದು. ಆದರೆ ಬಲೆಗೆ ಸಿಕ್ಕಿ ನೀರಿನ ಮೇಲಕ್ಕೆ ಬರಲಾಗದಿದ್ದರೆ ಈ ಮೀನು ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ವಿಚಿತ್ರವಲ್ಲವೇ?

ಹೊಸ ನೀರು ಬಂದು ಕೆರೆಯಂಚಿನ ಹುಲ್ಲು ಮುಳುಗಿದಾಗ ಕೊರವಗಳು ಜೋಡಿಯಾಗಿ ಅಲ್ಲಿಗೆ ಬರುತ್ತವೆ. ಗಿಡಗಳ ನಡುವೆ ಜಾಗ ಮಾಡಿ ಮೊಟ್ಟೆಗಳನ್ನಿಡುತ್ತವೆ. ಮೊಟ್ಟೆಗಳು ನೀರಿನ ಮೇಲೆ ತೇಲುತ್ತವೆ. ಒಂದೆರಡು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಸ್ವಲ್ಪ ಬೆಳೆದ ಮರಿಗಳ ಬಣ್ಣ ಕೆಂಪು. ನೂರಾರು ಮರಿಗಳು ಒಂದೇ ಗುಂಪಾಗಿ ಈಜುತ್ತವೆ. ಅವು ಗಾಳಿಗಾಗಿ ಮೇಲೆ ಬಂದಾಗ ನೀರಿನ ಮೇಲೆ ತುಂತುರು ಹನಿ ಬಿದ್ದಂತೆ ಗುಳ್ಳೆಗಳು ಏಳುತ್ತವೆ. ಅವುಗಳ ಕೆಳಗೆ ದೊಡ್ಡ ಮೀನು ಕಾವಲು ಕಾಯುತ್ತಿರುತ್ತದೆ. ಹತ್ತಿರ ಏನೇ ಬಂದರೂ ಕಚ್ಚಿ ಓಡಿಸುತ್ತದೆ.

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಡೆದ ಸಂಗತಿ ಹೇಳುತ್ತೇನೆ. ದಸರಾ ರಜೆ. ಅಣ್ಣ ಗಾಳಕ್ಕೆ ಕಪ್ಪೆಮರಿ ಸಿಕ್ಕಿಸಿ, ಗುಳ್ಳೆ ಏಳುತ್ತಿದ್ದ ಕಡೆ ಹಾಕಿದ. ಒಂದೇ ಏಟಿಗೆ ಮೊಳದುದ್ದದ ಕೊರವ ಸಿಕ್ಕಿತು. ಕುಣಿಯುತ್ತಾ ಮನೆಗೆ ಬಂದೆವು. ತಾತ ಮೀನನ್ನು ನೋಡಿ, "ಎಲ್ಲಿ ಹಿಡಿದಿರಪ್ಪಾ?" ಎಂದು ಕೇಳಿದರು. ಹೇಳಿದೆವು. ಅವರು ನಗಲಿಲ್ಲ. "ಅದು ಹಸಿವಿಗೆ ಕಚ್ಚಲಿಲ್ಲ, ಮರಿ ಕಾಯೋಕೆ ಕಚ್ಚಿತು. ನಾಳೆ ಹೋಗಿ ನೋಡಿ" ಎಂದರು.

ಮರುದಿನ ಹೋದೆವು. ಬೆಳ್ಳಕ್ಕಿಗಳು ಆ ಜಾಗದಲ್ಲಿ ನಿಂತಿದ್ದವು. ಕೆಂಪು ಗುಂಪು ಅರ್ಧವೂ ಉಳಿದಿರಲಿಲ್ಲ. ಮೂರನೆಯ ದಿನ ಗುಳ್ಳೆಗಳೇ ಏಳಲಿಲ್ಲ. ಅಂದಿನ ಸಾರು ರುಚಿಯಾಗಿತ್ತು ನಿಜ. ಆದರೆ ಆ ಖಾಲಿ ನೀರು ಇಂದಿಗೂ ನನ್ನ ಕಣ್ಣ ಮುಂದಿದೆ.

ಅಮೆರಿಕದ ಸರೋವರಗಳಲ್ಲಿ ಬಾಸ್ ಎಂಬ ಮೀನಿದೆ. ಅದೂ ಕೊರವನಂತೆ ಬೇಟೆಯಾಡುವ ಮೀನು. ಶರದೃತುವಿನಲ್ಲಿ ಅಲ್ಲಿಯ ನೀರು ತಣ್ಣಗಾಗುತ್ತದೆ. ಚಿಕ್ಕ ಮೀನುಗಳು ದಡದ ಕಡೆಗೆ ಬರುತ್ತವೆ. ಚಳಿಗಾಲಕ್ಕೆ ಮೊದಲು ಹೊಟ್ಟೆ ತುಂಬಿಸಿಕೊಳ್ಳಲು ಬಾಸ್ ಅವುಗಳ ಬೆನ್ನು ಹತ್ತುತ್ತದೆ. ಗಾಳ ಹಾಕುವವರಿಗೆ ಅದೇ ಹಬ್ಬ. ಅಲ್ಲಿ ಅನೇಕರು ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಾರೆ. ಬಾಸ್ ಮೀನಿನ ಮರಿಗಳನ್ನು ಕಾಯುವುದು ತಂದೆ ಮೀನು.

ಮೀನು ಹಿಡಿಯುವುದು ತಪ್ಪಲ್ಲ. ಅದು ಅನೇಕರ ಕಸುಬು, ಅನೇಕರ ಊಟ. ಕೆರೆಗೆ ನೀರು ಬಂದಾಗ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು, ನೀರು ಇಳಿದ ಮೇಲೆ ಬಲೆ ಬೀಸುವುದು ಮೀನುಗಾರರ ರೂಢಿ. ಅವರು ಮರಿಗಳಿಗೆ ಬೆಳೆಯಲು ಸಮಯ ಕೊಡುತ್ತಾರೆ. ಕೊರವ ಮರಿಗಳಿಗೂ ಕೆಲವು ವಾರಗಳ ಸಮಯ ಸಾಕು. ಬೆಳೆದಂತೆ ಕೆಂಪು ಬಣ್ಣ ಹೋಗಿ, ಅವು ಗುಂಪು ಬಿಟ್ಟು ಚದುರುತ್ತವೆ. ಅಲ್ಲಿಯವರೆಗೆ ಕಾವಲು ಮೀನನ್ನು ಬಿಡೋಣ.

ಈ ಸಲ ಕೆರೆ ತುಂಬಿದಾಗ ಹಿರಿಯರ ಜೊತೆ ಏರಿಯ ಮೇಲೆ ಹೋಗಿ. ಕೋಡಿಯ ಹತ್ತಿರ ಒಬ್ಬರೇ ಹೋಗಬೇಡಿ. ಹುಲ್ಲಿನ ಬಳಿ ತುಂತುರಿನಂತೆ ಗುಳ್ಳೆ ಏಳುತ್ತಿದೆಯೇ ನೋಡಿ. ಕಂಡರೆ, ಗಾಳ ಹಾಕುವ ಅಣ್ಣನಿಗೂ ಹೇಳಿ, "ಅಲ್ಲಿ ಬೇಡ ಅಣ್ಣಾ, ಮರಿಗಳಿವೆ."

ಅಭ್ಯಾಸ

1. ನಮ್ಮ ಕಡೆಯ ಕೆರೆಗಳು ಶರದೃತುವಿನಲ್ಲಿ ತುಂಬಲು ಕಾರಣವೇನು?
2. ಕೊರವ ಮೀನು ಬೇಸಿಗೆಯಲ್ಲಿ ಹೇಗೆ ಬದುಕುತ್ತದೆ?
3. ತಾತ ಏಕೆ ನಗಲಿಲ್ಲ?
4. ನಿಮ್ಮ ಊರಿನ ಕೆರೆಯಲ್ಲಿ ಸಿಗುವ ಮೀನುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ, ಕನ್ನಡದಲ್ಲಿ ಬರೆಯಿರಿ.