ಯಾವುದಕ್ಕೆ ಚಿಕಿತ್ಸೆ?

ಧಾರವಾಡದಲ್ಲಿ ೧೮೪೫ರಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆಗೆ ಈಗ ಡಿಮ್ಹಾನ್ಸ್ ಎಂಬ ಹೆಸರು. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಅದು ಬೆಳೆದಿದ್ದರೂ ನಮ್ಮ ಭಾಗದ ಹಲವು ಹಿರಿಯರ ಬಾಯಲ್ಲಿ ಇಂದಿಗೂ ಅದು ‘ಹುಚ್ಚರ ದವಾಖಾನೆ’ಯೇ. ಈ ಮಾತಿಗೆ ಅಂಜಿ ಅಲ್ಲಿಗೆ ಹೋಗಬೇಕಾದವರು ಹೋಗದೆ ಉಳಿಯುತ್ತಾರೆ. ಹೋಗುವ ಕುಟುಂಬಗಳಲ್ಲಿಯೂ ಕೆಲವು ತಪ್ಪು ಬೇಡಿಕೆಯನ್ನು ಹೊತ್ತು ಹೋಗುತ್ತವೆ. ಅಂಥ ಬೇಡಿಕೆಯೊಂದನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಪ್ರವಚನ ಮುಗಿದು ಜನ ಚದುರಿದ ಮೇಲೆ ತಾಯಂದಿರು ದನಿ ತಗ್ಗಿಸಿ ನಮ್ಮನ್ನು ಕೇಳುವುದುಂಟು: “ಶಾಸ್ತ್ರಿಗಳ, ಹುಡುಗ ಲಗ್ನಾ ಒಲ್ಲೆ ಅಂತಾನ್ರಿ. ಹೆಣ್ಮಕ್ಕಳ ಮ್ಯಾಲೆ ಮನಸ ಇಲ್ಲಂತ. ಏನರ ಔಷಧ ಐತೇನ್ರಿ?” ಆ ಹುಡುಗ ತಿಂಗಳುಗಟ್ಟಲೆ ನಿದ್ರೆಯಿಲ್ಲದೆ ಇದ್ದಾನೆ, ಊಟ ಬಿಟ್ಟಿದ್ದಾನೆ, ಬಾಗಿಲು ಹಾಕಿಕೊಂಡು ಕೂಡುತ್ತಾನೆ ಎಂಬುದು ನಾವು ಕೆದಕಿ ಕೇಳಿದಾಗ ಮಾತ್ರ ಹೊರಬರುತ್ತದೆ. ಅವನ ಒಲವು ಮನೆಯವರಿಗೆ ರೋಗವಾಗಿ ಕಾಣುತ್ತದೆ. ನಿದ್ರೆಯಿಲ್ಲದ ರಾತ್ರಿಗಳು ಮೊಂಡತನವಾಗಿ ಕಾಣುತ್ತವೆ. ವೈದ್ಯಶಾಸ್ತ್ರದ ನಿರ್ಣಯವಾದರೋ ಇದಕ್ಕೆ ತೀರ ವಿರುದ್ಧವಾಗಿದೆ.

ಸಲಿಂಗಾಕರ್ಷಣೆಯನ್ನು ಅಮೆರಿಕದ ಮನೋವೈದ್ಯರ ಸಂಘವು ೧೯೭೩ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿ ರೋಗಗಳ ಪಟ್ಟಿಯಿಂದ ತೆಗೆದುಹಾಕಿದವು. ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕೂ ತಮ್ಮ ಅಂತರಂಗದ ಅರಿವಿಗೂ ಹೊಂದಿಕೆಯಿಲ್ಲದವರ ಸ್ಥಿತಿಯನ್ನೂ ೨೦೧೯ರಲ್ಲಿ ಅಂಗೀಕೃತವಾದ ಪಟ್ಟಿಯಲ್ಲಿ ಮನೋರೋಗಗಳ ಅಧ್ಯಾಯದಿಂದ ಹೊರಗಿಡಲಾಯಿತು. ನಮ್ಮ ದೇಶದ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯಂತೂ ಸ್ಪಷ್ಟವಾಗಿದೆ: ಸಮಾಜದ ನೀತಿಗೋ ಮತವಿಶ್ವಾಸಕ್ಕೋ ಒಬ್ಬನ ನಡೆ ಹೊಂದದು ಎಂಬ ಕಾರಣದಿಂದ ಅವನನ್ನು ಮನೋರೋಗಿಯೆಂದು ನಿರ್ಧರಿಸಕೂಡದು, ಲೈಂಗಿಕ ಒಲವಿನ ಕಾರಣದಿಂದ ಚಿಕಿತ್ಸೆಯಲ್ಲಿ ಭೇದವೆಣಿಸಕೂಡದು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೬ರಂದು ತೀರ್ಪಿತ್ತಿತು.

ಹಾಗಾದರೆ ಆ ಹುಡುಗನ ಸಂಕಟ ಎಲ್ಲಿಂದ ಬಂತು? ಇಲಾನ್ ಮೇಯರ್ ಎಂಬ ವಿದ್ವಾಂಸರು ೨೦೦೩ರ ತಮ್ಮ ಲೇಖನದಲ್ಲಿ ಇದನ್ನು ವಿವರಿಸಿದ್ದಾರೆ. ಅಲ್ಪಸಂಖ್ಯಾತನಾಗಿ ಬಾಳುವವನ ಮೇಲೆ ಬೀಳುವ ಹೊರಗಿನ ಅವಮಾನ, ಅದನ್ನು ಸದಾ ನಿರೀಕ್ಷಿಸುವ ಭಯ, ಮರೆಮಾಚುವ ಶ್ರಮ, ಕೊನೆಗೆ ತನ್ನನ್ನು ತಾನೇ ಹೇಸುವ ಸ್ಥಿತಿ, ಇವೆಲ್ಲ ಕೂಡಿ ಮನಸ್ಸನ್ನು ಸವೆಸುತ್ತವೆ. ನಮ್ಮ ಮನೆಗಳಿಗೆ ಇದನ್ನು ಹೊಂದಿಸಿ ನೋಡಬಹುದು. ಊಟದ ಪಂಕ್ತಿಯಲ್ಲಿ ಕಾಕಾ ಆಡಿದ ಒಂದು ಕುಹಕಕ್ಕೆ ಎಲ್ಲರೊಡನೆ ತಾನೂ ನಗಬೇಕು. ಕನ್ಯಾ ನೋಡಲು ಹೋಗೋಣವೆಂದಾಗ ಪ್ರತಿಸಲ ಹೊಸ ಸುಳ್ಳು ಹೆಣೆಯಬೇಕು. ಹತ್ತು ವರ್ಷ ಹೀಗೆ ಬಾಳಿದವನಿಗೆ ಖಿನ್ನತೆ, ಆತಂಕಗಳು ಬಂದರೆ ಅಚ್ಚರಿಯೇನು?

ಚಿಕಿತ್ಸೆ ಬೇಕಾದದ್ದು ಈ ಖಿನ್ನತೆಗೆ, ಈ ಆತಂಕಕ್ಕೆ. ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಮಾಡುವ ಈ ಮನಶ್ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಷ್ಟು ನಡೆಯುತ್ತದೆ. ಬಲ್ಲ ಸಮಾಲೋಚಕರು ‘ನೀನು ಹೀಗೇಕಾದೆ’ ಎಂದು ಕೇಳುವುದಿಲ್ಲ. ಬಂದವನನ್ನು ಇದ್ದಂತೆಯೇ ಒಪ್ಪಿಕೊಂಡು ಮಾತು ಆರಂಭಿಸುತ್ತಾರೆ. ‘ಅಪ್ಪನಿಗೆ ತಿಳಿದರೆ ನನ್ನ ಕತೆ ಮುಗಿಯಿತು’ ಎಂದು ಅವನು ಹೇಳಿದರೆ, ಅದರಲ್ಲಿ ನಿಜವಾದ ಅಪಾಯವೆಷ್ಟು, ವರ್ಷಗಟ್ಟಲೆ ಕೇಳಿದ ಬೈಗಳು ಒಳಗೇ ಕುಳಿತು ಆಡಿಸುವ ಮಾತೆಷ್ಟು ಎಂಬುದನ್ನು ಅವನೊಡನೆ ಬಿಡಿಸಿ ನೋಡುತ್ತಾರೆ. ಅಪಾಯ ನಿಜವಾಗಿದ್ದರೆ, ಹೊರಹಾಕಿದಲ್ಲಿ ಆಸರೆಯಾರು, ಓದಿನ ಖರ್ಚಿಗೇನು ಎಂಬ ಯೋಜನೆಯೂ ಚಿಕಿತ್ಸೆಯದೇ ಅಂಗ. ಮನೆಯಲ್ಲಿ ಹೇಳಿಬಿಡು ಎಂದು ಅವಸರಿಸುವುದಿಲ್ಲ, ಹೇಳಬೇಡವೆಂದು ತಡೆಯುವುದೂ ಇಲ್ಲ. ಖಿನ್ನತೆ ತೀವ್ರವಾಗಿದ್ದರೆ ಮನೋವೈದ್ಯರು ಗುಳಿಗೆ ಕೊಡಬಹುದು. ಒಲವನ್ನು ಬದಲಿಸುವ ಗುಳಿಗೆ ಮಾತ್ರ ಯಾವ ಅಂಗಡಿಯಲ್ಲಿಯೂ ಇಲ್ಲ. ವಯಸ್ಕನಾದ ಮಗ ಅಲ್ಲಿ ಆಡಿದ ಮಾತನ್ನು ಅವನ ಒಪ್ಪಿಗೆಯಿಲ್ಲದೆ ತಂದೆತಾಯಿಗಳಿಗೂ ತಿಳಿಸುವಂತಿಲ್ಲ, ಜೀವಾಪಾಯದಂಥ ಸಂದರ್ಭದ ಹೊರತು. ಹಣ ಕೊಡುವವರು ನಾವಲ್ಲವೇ ಎಂದು ಹಿರಿಯರು ಮುನಿಯುತ್ತಾರೆ. ಗುಟ್ಟು ಉಳಿಯದ ಕಡೆ ಯಾರು ತಾನೇ ಬಾಯಿ ಬಿಡುತ್ತಾರೆ?

‘ಸರಿಪಡಿಸುತ್ತೇವೆ’ ಎಂದು ಮಾತು ಕೊಡುವವರ ಬಗೆಗೆ ಎಚ್ಚರವಿರಲಿ. ಹಿಂದಿನ ಶತಮಾನದಲ್ಲಿ ವಿದ್ಯುತ್ತಿನ ಆಘಾತವಿತ್ತು ಹೇಸಿಗೆ ಹುಟ್ಟಿಸಲು ಯತ್ನಿಸಿದ ವೈದ್ಯರಿದ್ದರು. ಅದರಿಂದ ಒಲವು ಬದಲಾಗಲಿಲ್ಲ, ಮನಸ್ಸು ಮಾತ್ರ ಜರ್ಜರಿತವಾಯಿತು. ೨೦೨೧ರಲ್ಲಿ ಇಬ್ಬರು ತರುಣಿಯರು ತಂದೆತಾಯಿಗಳಿಂದ ರಕ್ಷಣೆ ಕೋರಿ ಮದರಾಸು ಉಚ್ಚ ನ್ಯಾಯಾಲಯಕ್ಕೆ ಬಂದಾಗ, ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು ವಿಷಯ ತಮಗೆ ತಿಳಿಯದೆಂದು ಒಪ್ಪಿಕೊಂಡು, ತೀರ್ಪು ಬರೆಯುವ ಮುನ್ನ ತಾವೇ ಮನಶ್ಶಾಸ್ತ್ರಜ್ಞರೊಬ್ಬರ ಎದುರು ಕುಳಿತು ಕಲಿತರು. ವಿದ್ಯಾವಿನಯವೆಂದರೆ ಇದೆನ್ನಬೇಕು! ಒಲವನ್ನು ವೈದ್ಯಕೀಯವಾಗಿ ಬದಲಿಸುವ ಯತ್ನಗಳನ್ನು ಅವರು ನಿಷೇಧಿಸಿದರು. ಅದರ ಬೆನ್ನಿಗೇ ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ಚಿಕಿತ್ಸೆಯನ್ನು ವೃತ್ತಿದುರ್ನಡತೆಯೆಂದು ಸಾರಿತು.

ವೈದ್ಯರಿಗೆ ನಿಷಿದ್ಧವಾದುದನ್ನು ನಾವು ಲಗ್ನದ ಹೆಸರಿನಲ್ಲಿ ಮಾಡುತ್ತಿದ್ದೇವೆ. ‘ಲಗ್ನವಾದರೆ ಸರಿಹೋಗುತ್ತಾನೆ’ ಎಂಬ ಮಾತಿನಷ್ಟು ಕ್ರೂರವಾದುದು ಬೇರೊಂದಿಲ್ಲ. ಏನೂ ಅರಿಯದ ಪರರ ಮನೆಯ ಮಗಳನ್ನು ಔಷಧವೆಂದು ಬಳಸುವುದು ಯಾವ ಧರ್ಮ? ವ್ರತ, ತಾಯಿತಗಳನ್ನು ಕೇಳಿಕೊಂಡು ಬಂದವರಿಗೂ ನಮ್ಮ ಉತ್ತರ ಇಷ್ಟೇ. ಪೂಜೆ ಮನಸ್ಸಿಗೆ ಶಾಂತಿ ಕೊಟ್ಟೀತು, ಇಲ್ಲದ ರೋಗವನ್ನು ವಾಸಿಮಾಡಲಾರದು.

ಧಾರವಾಡಕ್ಕೆ ಸಮೀಪದ ಸವದತ್ತಿ ಗುಡ್ಡದಲ್ಲಿ ಜೋಗಪ್ಪಗಳ ಮುಂದೆ ಸೆರಗೊಡ್ಡಿ ಹರಕೆ ಬೇಡುವ ಜನವೇ ತಮ್ಮ ಹೊಟ್ಟೆಯ ಮಗು ಹಾಗಿದ್ದರೆ ಮನೆಯಿಂದ ಹೊರಹಾಕುತ್ತದೆ. ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಎಳೆಯ ವಯಸ್ಸಿನಲ್ಲಿ ವಿಷ ಕುಡಿದು ಬದುಕುಳಿದುದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆ ದಿನ ಅವರು ಉಳಿಯದೆ ಹೋಗಿದ್ದರೆ ನಾಡು ಕಳೆದುಕೊಂಡದ್ದೇನು ಎಂಬುದು ಅದಕ್ಕೆ ತಿಳಿಯುತ್ತಲೂ ಇರಲಿಲ್ಲ.

ಮಗನಾಗಲಿ ಮಗಳಾಗಲಿ ಸಾಯುವ ಮಾತಾಡಿದರೆ ಅದನ್ನು ನಾಟಕವೆನ್ನದೆ, ಒಬ್ಬರನ್ನೇ ಬಿಡದೆ, ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಧಾರವಾಡದ ಡಿಮ್ಹಾನ್ಸ್ ಇದೆ. ಹುಬ್ಬಳ್ಳಿಯಲ್ಲಿ ಜನರು ಕಿಮ್ಸ್ ಎನ್ನುವ ಸರಕಾರಿ ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗವಿದೆ. ೨೦೨೨ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಮಾಲೋಚಕರನ್ನು ಆರಿಸುವಾಗ ‘ಇವನ ಒಲವನ್ನು ಬದಲಿಸುವಿರಾ?’ ಎಂದು ಮೊದಲೇ ಕೇಳಬೇಕು. ಹೌದೆಂದರೆ ಅಲ್ಲಿಂದ ಎದ್ದು ಬರಬೇಕು. ಇಲ್ಲವೆಂದರೆ ಮಗುವನ್ನು ಒಳಗೆ ಕಳಿಸಿ, ಹೊರಗಿನ ಬೆಂಚಿನ ಮೇಲೆ ಅದು ಬರುವವರೆಗೆ ಕಾಯಬೇಕು. ಬಂದ ಮೇಲೆ ಒಳಗೇನಾಯಿತೆಂದು ಕೇಳಬಾರದು.